ಕ್ಯಾಮೆರಾಗೆ ಹೆದರಿ ಪೇಂಟರ್‌ಗಳು ದಾರಿ ಬದಲಿಸಿದ್ರಾ?

ಪ್ರಶ್ನೆ: ಫೋಟೋ ಬಂದಿದ್ದಕ್ಕೇ ಯುರೋಪಿನ ಪೇಂಟರ್‌ಗಳು ಇದ್ದದ್ದು ಇದ್ದಂಗೆ ಬಿಡಿಸೋದು ಬಿಟ್ಟು ತಲೆಬುಡ ಗೊತ್ತಾಗ್ದಿರೋ ಚಿತ್ರ ಶುರು ಹಚ್ಕೊಂಡ್ರು ಅಂತಾರೆ, ನಿಜಾನಾ ಸರ್?

ಉತ್ತರ: ಅರ್ಧ ನಿಜ. ಫೋಟೋಗ್ರಫಿ ಜಗತ್ತಿಗೆ ಗೊತ್ತಾಗಿದ್ದು 1839ರಲ್ಲಿ, ಕ್ಯೂಬಿಸಂ (ವಸ್ತುನ ಒಡೆದು ಹಲವು ಕೋನದಿಂದ ಒಟ್ಟಿಗೇ ತೋರಿಸೋದು), ಫ್ಯೂಚರಿಸಂ (ವೇಗ, ಮೆಷಿನ್ನುಗಳನ್ನ ಕೊಂಡಾಡೋದು) ಎಲ್ಲ ಶುರುವಾಗಿದ್ದು 1907-09ರ ಹೊತ್ತಿಗೆ. ಹೆದರಿ ಓಡೋಕೆ ಎಪ್ಪತ್ತು ವರ್ಷ ಬೇಕಿತ್ತಾ? ನನ್ ಕೇಳಿದ್ರೆ ಅವ್ರು ಫೋಟೋಗೆ ಹೆದರಿದ್ದಕ್ಕಿಂತ ಅದರಿಂದ ಕದ್ದಿದ್ದೇ ಜಾಸ್ತಿ.

ಫ್ರಾನ್ಸಲ್ಲಿ ಮರೇ ಅಂತ ಒಬ್ಬ ವಿಜ್ಞಾನಿ ಇದ್ದ, ಅವನಿಗೆ ಬೇಕಿದ್ದಿದ್ದು ಹಕ್ಕಿ ಹೆಂಗ್ ಹಾರುತ್ತೆ, ಮನುಷ್ಯ ಹೆಂಗ್ ನಡೀತಾನೆ ಅನ್ನೋದು. 1882ರಲ್ಲಿ ಕೋವಿ ಆಕಾರದ ಕ್ಯಾಮೆರಾ ಮಾಡಿ ಸೆಕೆಂಡಿಗೆ 12 ಫೋಟೋ ಹೊಡೆದ, ಆಮೇಲೆ ಒಂದೇ ಪ್ಲೇಟ್ ಮೇಲೆ ನಡಿಗೆಯ ಎಲ್ಲಾ ಹಂತನೂ ಒಂದರ ಪಕ್ಕ ಒಂದು ಬೀಳೋ ಹಂಗೂ ಮಾಡಿದ. ಈಗ ಇಟಲಿಯ ಫ್ಯೂಚರಿಸ್ಟ್ ಪೇಂಟರ್ ಜಾಕೊಮೊ ಬಾಲ್ಲಾ 1912ರಲ್ಲಿ ಬಿಡಿಸಿದ ನಾಯಿ ಚಿತ್ರ ನೋಡಿ. ಕುಳ್ಳ ಕಾಲಿನ ಕರಿ ನಾಯಿ, ಪಕ್ಕದಲ್ಲಿ ಒಡತಿಯ ಪಾದ ಮತ್ತೆ ಲಂಗದ ಅಂಚು ಮಾತ್ರ, ಮುಖ ಇಲ್ವೇ ಇಲ್ಲ. ನಾಯಿಗೆ ಕಾಲು ಎಷ್ಟು ಅಂತ ಎಣಿಸೋಕಾಗಲ್ಲ, ಬಾಲಕ್ಕೂ ಅದೇ ಗತಿ, ಸರಪಳಿ ಒಂದೇ ಆದ್ರೂ ಗಾಳೀಲಿ ಹಲವು ಕಡೆ ತೂಗಾಡ್ತಿದೆ. ಇದನ್ನ ಅರ್ಥ ಆಗಲ್ಲ ಅನ್ನೋಕಾಗುತ್ತಾ? ಅದೇ ವರ್ಷ ಫ್ರಾನ್ಸಿನ ಪೇಂಟರ್ ದ್ಯೂಶಾಂ ಮೆಟ್ಟಿಲಿಳಿಯೋ ಬೆತ್ತಲೆ ಆಕೃತಿ ಬಿಡಿಸಿದ್ದೂ ಇದೇ ದಾರೀಲಿ, ಮುಂದಿನ ವರ್ಷ ನ್ಯೂಯಾರ್ಕಲ್ಲಿ ಅದಕ್ಕೆ ಜನ ಬಿದ್ದು ಬಿದ್ದು ನಕ್ರು.

ಕ್ಯಾಮೆರಾ ಒಂದೇ ಅಲ್ಲ, ಕರೆಂಟ್ ದೀಪನೂ ಇತ್ತು. ಬಾಲ್ಲಾದೇ ಇನ್ನೊಂದು ಚಿತ್ರದಲ್ಲಿ ಬೀದಿ ದೀಪದ ಬೆಳಕು ಬಣ್ಣ ಬಣ್ಣದ ಬಾಣದ ತುದಿಗಳ ಥರ ಸಿಡೀತಿದೆ, ಮೂಲೇಲಿ ಚಂದ್ರ ಸಪ್ಪೆಯಾಗಿ ಕೂತಿದ್ದಾನೆ (ನಮ್ಮ ಕವಿಗಳು ನೋಡಿದ್ರೆ ಜಗಳಕ್ಕೇ ಬರ್ತಿದ್ರು). ಈ ಫ್ಯೂಚರಿಸ್ಟ್ ಗುಂಪಿನ ನಾಯಕ, ಕವಿ ಮರಿನೆಟ್ಟಿ ಅಂತೂ 1909ರ ಫೆಬ್ರವರೀಲಿ ಪ್ಯಾರಿಸ್ಸಿನ ಪೇಪರಲ್ಲಿ ರೇಸ್ ಕಾರು ಹಳೇ ಗ್ರೀಕ್ ಶಿಲ್ಪಕ್ಕಿಂತ ಚಂದ ಅಂತ ಬರೆದ, ಅದರ ಜೊತೆಗೇ ಯುದ್ಧನೂ ಹೊಗಳಿದ, ಅದು ಮಾತ್ರ ನಂಗೆ ಇವತ್ತಿಗೂ ಸಹಿಸೋಕಾಗಲ್ಲ.

ಹಂಗಂತ ಎಲ್ರೂ ಮೆಷಿನ್ ಹುಚ್ಚರಲ್ಲ. ಕ್ಯೂಬಿಸಂ ಶುರು ಮಾಡಿದ ಪಿಕಾಸೊ, ಬ್ರಾಕ್ ಬಿಡಿಸಿದ್ದು ಗಿಟಾರು, ಬಾಟ್ಲಿ, ಕಾಫಿ ಅಂಗಡಿ ಟೇಬಲ್ಲು ಇಂಥವೇ ಜಾಸ್ತಿ, ಆದ್ರೆ 1912ರಿಂದ ಅಚ್ಚಾದ ನ್ಯೂಸ್‌ಪೇಪರ್ ತುಂಡುಗಳನ್ನೇ ಕತ್ತರಿಸಿ ಚಿತ್ರಕ್ಕೆ ಅಂಟಿಸೋಕೆ ಶುರು ಮಾಡಿದ್ರು, ಪಟ್ಟಣದ ಗದ್ದಲ ಅಲ್ಲಿಗೂ ಹಂಗೇ ನುಗ್ಗಿತು.

ಟೈಮ್ ಇದ್ರೆ ಮರೇ ತೆಗೆದ ನಡಿಗೆ ಫೋಟೋ ಒಂದನ್ನ, ಬಾಲ್ಲಾನ ನಾಯೀನ ಮೊಬೈಲಲ್ಲಿ ಪಕ್ಕಪಕ್ಕ ಇಟ್ಟು ನೋಡಿ, ಮೊದಲು ಕಾಲುಗಳನ್ನ ನೋಡಿ.