ಮುಖವಾಡದ ಹಿಂದಿನ ಮುಖ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: ‘ಚಿಕ್ಕಂದಿನಲ್ಲಿ ವಿಡಿಯೋ ಕ್ಯಾಸೆಟ್‌ನಲ್ಲಿ ನೋಡಿ ಬೆರಗಾಗಿದ್ದ “ದಿ ಬ್ಲ್ಯಾಕ್ ಹೋಲ್” ಸಿನಿಮಾವನ್ನು ಮೊನ್ನೆ ಮಗಳ ಜೊತೆ ಮತ್ತೆ ನೋಡಿದೆ. ಉಲ್ಕೆ ಬಡಿದು ಅಂತರಿಕ್ಷದ ಹಡಗಿನ ಗೋಡೆ ಒಡೆದರೂ ಎಲ್ಲರೂ ಆರಾಮಾಗಿ ಉಸಿರಾಡುತ್ತಾರೆ! ಮಗಳು ನಕ್ಕುಬಿಟ್ಟಳು. ಇಂಥ ತಪ್ಪು ವಿಜ್ಞಾನದಿಂದಲೇ ಸಿನಿಮಾ ಸೋತಿತೇ?’

ಸಂಪಾದಕರ ಉತ್ತರ: ನಗು ಬಂದೇ ಬರುತ್ತದೆ ಬಿಡಿ. ಆದರೆ ಸೋತಿದ್ದು ಅದಕ್ಕಲ್ಲ ಅಂತ ನನ್ನ ಅನಿಸಿಕೆ. ಗಾಳಿಯಿಲ್ಲದ ಕಡೆ ಢಂ ಎಂದು ಸದ್ದು ಮಾಡುವ ಎಷ್ಟೋ ಸಿನಿಮಾಗಳನ್ನು ನಾವು ಸುಮ್ನೆ ಒಪ್ಪಿಕೊಂಡಿದ್ದೇವೆ, ಅಲ್ವಾ?

ಡಿಸ್ನಿ ಇದನ್ನು 1979ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಖರ್ಚು ಸುಮಾರು 2 ಕೋಟಿ ಡಾಲರ್. ಎರಡು ವರ್ಷದ ಹಿಂದಷ್ಟೇ ‘ಸ್ಟಾರ್ ವಾರ್ಸ್’ ದುಡ್ಡು ಬಾಚಿತ್ತು. ಡಿಸ್ನಿಗೆ ದೊಡ್ಡವರೂ ಬೇಕಿತ್ತು, ಮಕ್ಕಳನ್ನು ಬಿಡಲೂ ಮನಸ್ಸಿರಲಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟ ಕಥೆ ಅದು.

ಒಂದು ಕಡೆ ವಿನ್ಸೆಂಟ್ ಎಂಬ ಗುಂಡು ರೋಬೋ. ಗೊಂಬೆಯಂಥ ದೊಡ್ಡ ಕಣ್ಣು, ಮಾತೆತ್ತಿದರೆ ನೀತಿವಾಕ್ಯ. ಇನ್ನೊಂದು ಕಡೆ, ಆಂತನಿ ಪರ್ಕಿನ್ಸ್ ಮಾಡಿದ ವಿಜ್ಞಾನಿ ಯಂತ್ರ ನಡೆಸುತ್ತಿರುವವನೊಬ್ಬನ ಮುಖವಾಡ ಎಳೆಯುತ್ತಾನೆ. ರೋಬೋ ಅಂದುಕೊಂಡಿದ್ದ ಅದರೊಳಗೆ ಮನುಷ್ಯನ ಮುಖ! ಬಾಡಿಹೋಗಿದೆ, ಕಣ್ಣಲ್ಲಿ ಜೀವವಿಲ್ಲ. ಹಡಗಿನ ಸಿಬ್ಬಂದಿಯನ್ನೇ ಒಡೆಯ ರೈನ್‌ಹಾರ್ಟ್ ಹಾಗೆ ಮಾಡಿಟ್ಟಿದ್ದಾನೆ. ಮರುಕ್ಷಣವೇ ಮ್ಯಾಕ್ಸಿಮಿಲಿಯನ್ ಎಂಬ ಕೆಂಪು ರೋಬೋ ಗಿರ್ರನೆ ತಿರುಗುವ ಬ್ಲೇಡ್ ಚಾಚಿ ಮುಂದೆ ಬರುತ್ತದೆ. ವಿಜ್ಞಾನಿ ದಪ್ಪ ಪುಸ್ತಕವೊಂದನ್ನು ಅಡ್ಡ ಹಿಡಿಯುತ್ತಾನೆ. ಬ್ಲೇಡ್ ಅದನ್ನೂ ಸೀಳಿಕೊಂಡು ಎದೆಗೆ ಇಳಿಯುತ್ತದೆ. ಒಂದು ತೊಟ್ಟೂ ರಕ್ತ ತೋರಿಸುವುದಿಲ್ಲ, ಆದರೂ ಮೈ ಜುಮ್ಮೆನ್ನುತ್ತದೆ. ಇದಾದ ಮೇಲೆ ವಿನ್ಸೆಂಟನ ತಮಾಷೆಗೆ ಯಾರು ನಗಬೇಕು? ಮಕ್ಕಳಿಗೆ ಜಾಸ್ತಿಯೇ ಭಯ, ದೊಡ್ಡವರಿಗೆ ಜಾಸ್ತಿಯೇ ಬೇಸರ.

ನೀವು ಬೆರಗಾಗಿದ್ದು ಮಾತ್ರ ಸರಿಯಾಗಿಯೇ ಇತ್ತು. ಕತ್ತಲಲ್ಲಿ ಸತ್ತಂತೆ ಬಿದ್ದಿದ್ದ ಸಿಗ್ನಸ್ ಹಡಗಿಗೆ ಇದ್ದಕ್ಕಿದ್ದಂತೆ ದೀಪ ಹತ್ತುವುದನ್ನು ಇನ್ನೊಮ್ಮೆ ನೋಡಿ. ಕಬ್ಬಿಣ, ಗಾಜಿನ ಹಂದರ ತುದಿಯಿಂದ ತುದಿಗೆ ಝಗ್ಗೆನ್ನುತ್ತದೆ. ವಿನ್ಯಾಸ ಪೀಟರ್ ಎಲೆನ್‌ಶಾ ಅವರದು. ಸಿನಿಮಾದ ಹಿನ್ನೆಲೆಗಳಲ್ಲಿ ಎಷ್ಟೋ ಕೈಯಲ್ಲಿ ಬರೆದ ಚಿತ್ರಗಳು. ಜಾನ್ ಬ್ಯಾರಿಯ ಸಂಗೀತ ಸುಳಿಯಂತೆ ಸುತ್ತುತ್ತಲೇ ಇರುತ್ತದೆ. ಛಾಯಾಗ್ರಹಣ ಮತ್ತು ದೃಶ್ಯ ಪರಿಣಾಮ, ಎರಡಕ್ಕೂ ಆಸ್ಕರ್ ನಾಮನಿರ್ದೇಶನ ಸಿಕ್ಕಿದ್ದು ಸುಮ್ನೆ ಅಲ್ಲ.

ಇನ್ನು ಆ ಕ್ಲೈಮ್ಯಾಕ್ಸ್. ರೈನ್‌ಹಾರ್ಟ್ ಮ್ಯಾಕ್ಸಿಮಿಲಿಯನ್ನಿನ ಲೋಹದ ಮೈಯೊಳಗೆ ಸಿಕ್ಕಿಕೊಂಡು, ಬೆಂಕಿಯ ನರಕದ ಮೇಲೆ ನಿಂತಿದ್ದಾನೆ. ಅದರ ಕಣ್ಣಿನ ಕಿಂಡಿಯಿಂದ ಅವನ ಕಣ್ಣು ಮಾತ್ರ ಕಾಣುತ್ತದೆ. ಸಿನಿಮಾದ ಹೆಸರಲ್ಲಿರುವ, ಬೆಳಕನ್ನೂ ನುಂಗುವ ಕಪ್ಪುಕುಳಿಗೂ ಇದಕ್ಕೂ ಏನು ಸಂಬಂಧವೋ, ಆ ದೇವರೇ ಬಲ್ಲ. ನನಗಂತೂ ತುಂಬಾ ಇಷ್ಟ. ಅದರ ಬೆನ್ನಿಗೇ ತೇಲಿ ಬರುವ ದೇವದೂತ ಮಾತ್ರ ಬೇಡವಾಗಿತ್ತು.