ಪ್ರತಿಕ್ರಿಯೆ: ಪೆನ್ ಕಿಟ್‌ನ ಚಿಲ್ಲರೆ ಸಾಮಾನು ಮಿಕ್ಸ್ ಆಗದ ಹಾಗೆ ಇಡೋದು

ಲೇತಿನಲ್ಲಿ ಮರದ ಪೆನ್ ಕಡೆಯುವ ಕಿಟ್ಟಿನ ಬುಶಿಂಗ್ (ಎಷ್ಟು ದಪ್ಪಕ್ಕೆ ಕಡೆಯಬೇಕು ಅಂತ ತೋರಿಸ್ಲಿಕ್ಕೆ ಮರದ ತುದಿಗೆ ಹಾಕುವ ಲೋಹದ ಬಳೆ), ಮರದೊಳಗೆ ಅಂಟಿಸುವ ಹಿತ್ತಾಳೆ ಟ್ಯೂಬ್, ಕ್ಲಿಪ್ ಎಲ್ಲ ಒಂದೇ ಡಬ್ಬದಲ್ಲಿ ಸೇರಿ ಯಾವ ಪೆನ್ನಿಂದು ಯಾವುದು ಗೊತ್ತಾಗ್ತಿಲ್ಲ, ಮಳೆಗಾಲಕ್ಕೆ ಟ್ಯೂಬ್ ಬೇರೆ ಕಪ್ಪಾಗ್ತದೆ ಅಂತ ಕೇಳಿದ್ರಲ್ಲ, ನಾನು ಬದಿಯಡ್ಕ ಕಡೆಯವ, ನಮ್ಮಲ್ಲೂ ಅದೇ ಮಳೆ.

ಟ್ಯೂಬೆಲ್ಲ ಒಂದು ಕಡೆ, ಬುಶಿಂಗೆಲ್ಲ ಒಂದು ಕಡೆ ಅಂತ ಮಾಡ್ಬೇಡಿ ಮಾರಾಯ್ರೆ, ಕಿಟ್ ಲೆಕ್ಕದಲ್ಲಿ ವಿಂಗಡಿಸಿ. ಸ್ಲಿಮ್‌ಲೈನ್ ಅನ್ನುವ ತೆಳು ಪೆನ್ನಿನ ಕಿಟ್ಟಿಗೆ ಒಂದು ಜಿಪ್ ಕವರ್, ಅದರಲ್ಲೇ ಅದರ ಬುಶಿಂಗ್, 7 ಎಂಎಂ ಡ್ರಿಲ್ ಬಿಟ್, ಜೋಡಿಸುವ ಕ್ರಮ ಬರೆದ ಚೀಟಿ, ಸಿಗಾರ್ ಅನ್ನುವ ದಪ್ಪ ಪೆನ್ನಿನ ಕಿಟ್ ಇದ್ರೆ 10 ಎಂಎಂ ಬಿಟ್ಟಿನ ಜೊತೆ ಬೇರೆ ಕವರ್. ಈಗ ಮಿಕ್ಸ್ ಆದ ಬುಶಿಂಗನ್ನು ಕಣ್ಣಳತೆಯಲ್ಲಿ ಬೇರೆ ಮಾಡ್ಲಿಕ್ಕೆ ಆಗುದಿಲ್ಲ, ವ್ಯತ್ಯಾಸ ಒಂದು ಎಂಎಂ ಕೂಡ ಇರುದಿಲ್ಲ ಎಷ್ಟೋ ಸಲ, ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದು ಕವರ್ ಮೇಲೆ ಅಳತೆ ಬರೀರಿ. ಸ್ಯಾಂಡ್‌ಪೇಪರ್ ತಾಗಿ ತಾಗಿ ಬುಶಿಂಗ್ ಸವೀತದೆ, ಆಗಾಗ ಪುನಃ ಅಳೀರಿ, ಇಲ್ಲದಿದ್ರೆ ಮರವೂ ಕ್ಲಿಪ್ಪಿನ ಹತ್ತಿರದ ರಿಂಗೂ ಸೇರುವಲ್ಲಿ ಉಗುರಿಗೆ ಏಣು ಸಿಗ್ತದೆ.

ಟ್ಯೂಬ್ ಕಪ್ಪಾದ್ರೆ ತಲೆಬಿಸಿ ಬೇಡ, ಅಂಟಿಸುವ ಮೊದಲು ಹೇಗೂ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ತರಿ ಮಾಡ್ಲಿಕ್ಕುಂಟಲ್ಲ. ನಿಜವಾಗಿ ಜಾಗ್ರತೆ ಬೇಕಾದ್ದು ಸೂಪರ್ ಗ್ಲೂಗೆ, ಅದು ಗಾಳಿಯ ತೇವದಲ್ಲೇ ಗಟ್ಟಿಯಾಗುದು, ಮುಚ್ಚಳ ಬಿಗಿ ಮಾಡಿ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿಡಿ. ಡ್ರಿಲ್ ಬಿಟ್ಟಿಗೆ, ಮ್ಯಾಂಡ್ರೆಲ್ಲಿಗೆ (ಲೇತಿನಲ್ಲಿ ಪೆನ್ನಿನ ಮರ ಸಿಕ್ಕಿಸುವ ಕಂಬಿ) ತುಕ್ಕು ಹಿಡಿಯದ ಹಾಗೆ ತೆಳು ಎಣ್ಣೆ ಒರೆಸಿ, ಆದ್ರೆ ಆ ಎಣ್ಣೆ ಟ್ಯೂಬಿಗೆ ತಾಗ್ಬಾರ್ದು, ಗ್ಲೂ ಹಿಡಿಯುದಿಲ್ಲ, ಹಾಗಾಗಿ ಬಿಟ್ಟನ್ನು ಕವರಿನೊಳಗೆ ಒಂದು ಸಣ್ಣ ಪೈಪಿನ ತುಂಡಿಗೆ ಹಾಕಿಡಿ.