ವಿದೋರ್ ಅವರ ಟೊಕಾಟಾಕ್ಕೆ ಸರಿಯಾದ ವೇಗ ಯಾವುದು?

ಮದುವೆಯ ವಿಡಿಯೋದಲ್ಲಿ ವಧೂವರರು ಚರ್ಚಿನಿಂದ ಹೊರಡುವಾಗ ಕೇಳಿಸಿದ ವಿದೋರ್ ಟೊಕಾಟಾ (ಬೆರಳುಗಳ ಚುರುಕು ತೋರುವ ಆರ್ಗನ್ ಕೃತಿ) ಯಾವ ಶ್ರುತಿಯಲ್ಲಿದೆ, ಅದರ ವೇಗ ಎಷ್ಟು, ಒಬ್ಬರು ನುಡಿಸಿದರೆ ಸಡಗರವೂ ಇನ್ನೊಬ್ಬರು ನುಡಿಸಿದರೆ ಗಾಂಭೀರ್ಯವೂ ಕಾಣುವುದೇಕೆ ಎಂದು ಕೇಳಿದ್ದೀರಿ.

ಶ್ರುತಿ ಎಫ್ ಮೇಜರ್. ಹಾರ್ಮೋನಿಯಂ ಬಲ್ಲವರಿಗೆ ಬಿಳಿ ನಾಲ್ಕು ಎಂದರೆ ಸಾಕು. ಸ್ವರಗಳು ಶಂಕರಾಭರಣದವೇ, ಆದರೆ ಷಡ್ಜ ಒಂದೆಡೆ ನಿಲ್ಲುವುದಿಲ್ಲ; ನಡುವೆ ದೂರದೂರದ ಶ್ರುತಿಗಳಿಗೆ ಹೋಗಿ ಬರುತ್ತದೆ. ಇದು ಬಿಡಿ ಕೃತಿಯಲ್ಲ ಎಂಬುದೂ ನೆನಪಿರಲಿ. ಫ್ರೆಂಚ್ ಸಂಗೀತ ರಚನಕಾರ ಶಾರ್ಲ್-ಮರೀ ವಿದೋರ್ ಅವರ ಐದನೇ ಆರ್ಗನ್ ಸಿಂಫೊನಿಯ ಕೊನೆಯ ಭಾಗ ಇದು, ಕಾಲ 1879. ಸಿಂಫೊನಿ ಶುರುವಾಗುವುದು ಎಫ್ ಮೈನರ್‌ನಲ್ಲಿ. ಟೊಕಾಟಾಕ್ಕೆ ಮೊದಲು ಬರುವ ನಿಧಾನಗತಿಯ ಅದಾಜಿಯೋವನ್ನು ಕೇಳಿಯೇ ಇದಕ್ಕೆ ಬನ್ನಿ. ಮದುವೆ ವಿಡಿಯೋದಲ್ಲಿ ಸಿಗದ ತೂಕ ಆಗ ಸಿಗುತ್ತದೆ.

ಜಗಳವೆಲ್ಲ ವೇಗದ್ದು. ಮೊದಲು ವಿದೋರ್ ಗುರುತಿಸಿದ್ದು ನಿಮಿಷಕ್ಕೆ 118 ಹೊಡೆತ. ಆಮೇಲೆ ಅವರೇ ಅದನ್ನು 100ಕ್ಕೆ ಇಳಿಸಿದರು. ಹೊಡೆತಕ್ಕೆ ನಾಲ್ಕು ಸ್ವರದಂತೆ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು ಎಂಟು ಇದ್ದದ್ದು ಏಳಕ್ಕೂ ಕೆಳಗೆ ಬರುತ್ತದೆ. ಇತರರು ಇದನ್ನು ಓಡಿಸಿ ನುಡಿಸುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಕಾರಣ ಸ್ಪಷ್ಟ: ಆ ಸ್ವರಗಳನ್ನು ಅವರು ಬರೆದದ್ದು ಸ್ಟಕಾಟೋ, ಅಂದರೆ ಬಿಡಿಬಿಡಿಯಾಗಿ. ಕಲ್ಲಿನ ದೊಡ್ಡ ಚರ್ಚಿನಲ್ಲಿ ಒಂದು ಸ್ವರದ ಸದ್ದು ಅಡಗಲು ಕೆಲವು ಸೆಕೆಂಡು ಬೇಕು. ಅಲ್ಲಿ ಅವಸರ ಮಾಡಿದರೆ ಸ್ವರದ ಮೇಲೆ ಸ್ವರ ಬಿದ್ದು ಗೊಜ್ಜಾಗುತ್ತದೆ.

ಅವರಿಗೆ ಇದು ಅನುಭವದ ಮಾತು. ಪ್ಯಾರಿಸ್ಸಿನ ಸೇನ್-ಸುಲ್ಪೀಸ್ ಚರ್ಚಿಗೆ 1870ರಲ್ಲಿ ಹಂಗಾಮಿ ಆರ್ಗನ್ ವಾದಕರಾಗಿ ಸೇರಿದವರು ಅಲ್ಲಿಂದ ಎದ್ದದ್ದು 1933ರಲ್ಲಿ. (ಹಂಗಾಮಿ ನೌಕರಿಯೆಂದರೆ ಹೀಗಿರಬೇಕು!) ಕವಾಯೆ-ಕೊಲ್ ಕಟ್ಟಿದ ಆ ದೈತ್ಯ ವಾದ್ಯದ ಮೇಲೆಯೇ 1932ರಲ್ಲಿ, 88ರ ವಯಸ್ಸಿನಲ್ಲಿ, ಅವರು ಟೊಕಾಟಾವನ್ನು ಧ್ವನಿಮುದ್ರಿಸಿದರು. ಇಂದಿನ ಬಹುತೇಕ ವಾದಕರಿಗಿಂತ ಅದು ನಿಧಾನ. ವಯಸ್ಸಾಗಿತ್ತು ಎನ್ನಬಹುದು, ಆದರೆ ಅವರು ಬಯಸಿದ್ದೂ ಆ ದಿಕ್ಕಿನದೇ ವೇಗ ಎಂದು ನನ್ನ ನಂಬಿಕೆ.

ನಾನೂ ಒಮ್ಮೆ ಓಡಿದವನೇ. ಪೆಡಲ್ (ಆರ್ಗನ್ನಿನಲ್ಲಿ ಕಾಲಿನಿಂದ ಒತ್ತಿ ನುಡಿಸುವ ಕೀಲಿಗಳು) ಇಲ್ಲದ ಮನೆಯ ಕೀಬೋರ್ಡಿನಲ್ಲಿ ಬಲಗೈ ಭಾಗವನ್ನಷ್ಟೇ 120ರಲ್ಲಿ ನುಡಿಸಲು ಹೋದೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಮುಂಗೈ ಕಲ್ಲಾಗಿತ್ತು, ಕೇಳಿಸುತ್ತಿದ್ದದ್ದು ಹೊಲಿಗೆ ಯಂತ್ರದ ಸದ್ದು. ನನಗೆ ತಿಳಿಯದೇ ಹೋದದ್ದು ಪೆಡಲಿನ ಮಹಿಮೆ. ಮೇಲೆ ಕೈಗಳು ಎಷ್ಟೇ ಹರಿದಾಡಲಿ, ರಾಗದ ಎಳೆ ಇರುವುದು ಕಾಲಿನಲ್ಲಿ, ದೀರ್ಘ ಸ್ವರಗಳಲ್ಲಿ. ನಡುವೆ ಸದ್ದು ತಗ್ಗುತ್ತದೆ, ಮೆಲ್ಲಗೆ ಏರುತ್ತದೆ, ಮತ್ತೆ ಎಫ್ ಮೇಜರ್‌ಗೆ ಬಂದಾಗ ಎರಡೂ ಪಾದಗಳು ಅದೇ ಎಳೆಯನ್ನು ಎರಡು ಸ್ಥಾಯಿಗಳಲ್ಲಿ ಒತ್ತಿ ನುಡಿಸುತ್ತವೆ.

ನೀವು ಕಂಡ ಎರಡು ಭಾವಗಳು ಇಲ್ಲಿವೆ: ಸಡಗರ ಕೈಯದು, ಗಾಂಭೀರ್ಯ ಕಾಲಿನದು. 120ರಲ್ಲಿ ಎರಡನೆಯದು ಸತ್ತೇ ಹೋಗುತ್ತದೆ. ಮುಂದಿನ ಸಲ ಕೇಳುವಾಗ ಮೇಲಿನ ಸ್ವರಗಳನ್ನು ಅವುಗಳ ಪಾಡಿಗೆ ಬಿಟ್ಟು, ಪೆಡಲಿನ ಜೊತೆ ಗುನುಗಿ ನೋಡಿ. ಗುನುಗಲು ಉಸಿರು ಸಾಲುತ್ತಿಲ್ಲವೆಂದಾದರೆ ವೇಗ 100ರ ಆಸುಪಾಸಿನಲ್ಲೇ ಇದೆ ಎಂದುಕೊಳ್ಳಿ.